ಪಂಜರದ ಕಾಳು

ಕಾರ್ಮಿಕರ ಸಾಲುಮನೆಗಳಲ್ಲಿ, ಪೇಟೆಯ ಸಣ್ಣ ಅಂಗಡಿಗಳ ಮುಂದೆ ಗಿಳಿಯ ಪಂಜರ ತೂಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಾಕಿದವರು ಕ್ರೂರಿಗಳಲ್ಲ. ತಾವು ಉಣ್ಣುವ ಮೊದಲು ಅದಕ್ಕೊಂದು ಹಸಿಮೆಣಸಿನಕಾಯಿ, ನಾಲ್ಕು ನೆನೆಸಿದ ಕಡಲೆ ಇಡುತ್ತಾರೆ. ಮಕ್ಕಳು ಹೆಸರಿಟ್ಟು ಮಾತಾಡಿಸುತ್ತಾರೆ. ಪಂಜರವೇಕೆಂದು ಕೇಳಿದರೆ ಉತ್ತರ ಒಂದೇ: "ಹೊರಗಿದ್ದರೆ ಗಿಡುಗ ಹೊಡೆಯುತ್ತದೆ, ಹಸಿದು ಸಾಯುತ್ತದೆ; ಇಲ್ಲಿ ಹೊತ್ತುಹೊತ್ತಿಗೆ ಕಾಳು ಉಂಟು."

ಈ ಮಾತನ್ನು ನಾವು ಬೇರೆ ಕಡೆ ಕೇಳಿಲ್ಲವೆ? ದುಡಿಮೆಯ ಹೊತ್ತಿಗೆ ಮಿತಿ ಕೇಳಿದಾಗ, ಸಂಘ ಕಟ್ಟಿದಾಗ ಮಾಲೀಕವರ್ಗ ಆಡಿದ್ದೂ ಇದನ್ನೇ: "ಹೊಟ್ಟೆಗೆ ಹಾಕುತ್ತಿಲ್ಲವೆ? ಹೊರಗೆ ಹೋಗಿ ನೋಡಿ, ಗೊತ್ತಾಗುತ್ತದೆ." ಆ ಮಾತಿಗೆ ತಲೆಬಾಗಿ ಕುಳಿತಿದ್ದರೆ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 1946ರಲ್ಲಿ 54 ಗಂಟೆಯಿಂದ 48ಕ್ಕೆ ಇಳಿಯುತ್ತಿರಲಿಲ್ಲ.

ಬಯಲ ಹಕ್ಕಿಯ ಬಾಳು ಸುಖದ್ದೆಂದು ನಾವು ಹೇಳುವುದಿಲ್ಲ. ಬರ, ಹಾವು, ಗಿಡುಗ ಎಲ್ಲವೂ ಅದಕ್ಕಿವೆ. ಆದರೂ ನಸುಕಿನಲ್ಲೇ ಗಿಳಿ ಹಿಂಡಿನೊಡನೆ ಹೊರಡುತ್ತದೆ. ಮೈಲಿಗಟ್ಟಲೆ ಹಾರಿ ಹೊಲ ತೋಟಗಳಲ್ಲಿ ಮೇಯುತ್ತದೆ. ಸಂಜೆ ನೂರಾರು ಗಿಳಿಗಳ ಗದ್ದಲದ ನಡುವೆ ಮರದಲ್ಲಿ ತಂಗುತ್ತದೆ. ಜೋಡಿ ಕೂಡಿ ಪೊಟರೆಯಲ್ಲಿ ಮರಿ ಮಾಡುತ್ತದೆ. ಪಂಜರದ ಒಂಟಿ ಗಿಳಿಗೆ ಇವುಗಳಲ್ಲಿ ಒಂದಾದರೂ ಉಂಟೆ? ರೆಕ್ಕೆಯ ಗರಿ ಕತ್ತರಿಸಿದೆ, ಸಂಗಾತಿಯಿಲ್ಲ, ಹೊತ್ತು ಹೋಗುವುದಿಲ್ಲ. ಹಾಗೆ ಬೇಸರ ಬಲಿತ ಗಿಳಿ ತನ್ನ ಮೈಯ ಗರಿಯನ್ನು ತಾನೇ ಕಿತ್ತುಕೊಳ್ಳುವುದುಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿದು ಮಾರುವುದು, ಕೊಂಡು ಸಾಕುವುದು ಅಪರಾಧ. ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕಿದೆಯೆಂದು ದೆಹಲಿ ಹೈಕೋರ್ಟು 2015ರಲ್ಲಿ ಹೇಳಿತು. ಆದರೂ ವ್ಯಾಪಾರ ನಿಂತಿಲ್ಲ. ರೆಕ್ಕೆ ಬಲಿಯದ ಮರಿಗಳನ್ನು ಪೊಟರೆಯಿಂದ ತೆಗೆದು, ಬುಟ್ಟಿಗಳಲ್ಲಿ ತುರುಕಿ ಸಾಗಿಸುತ್ತಾರೆ. ದಾರಿಯಲ್ಲೇ ಸಾಯುವವು ಎಷ್ಟೋ. ಸಿಕ್ಕಿಬೀಳುವವನು ಸಾಮಾನ್ಯವಾಗಿ ಮರ ಹತ್ತಿದ ಬಡವ. ದುಡ್ಡು ಕೊಟ್ಟು ಕೊಂಡವರ ಬಾಗಿಲಿಗೆ ಕಾನೂನು ಬರುವುದು ಅಪರೂಪ. ಕೊಳ್ಳುವವರೇ ಇಲ್ಲದಿದ್ದರೆ ಅವನೇಕೆ ಮರ ಹತ್ತುತ್ತಿದ್ದ? ಅವನಿಗೆ ಬೇರೆ ದುಡಿಮೆ ಒದಗಿಸುವುದು ಸರ್ಕಾರದ ಹೊಣೆ. ಕೊಳ್ಳುವುದನ್ನು ಬಿಡುವುದು ನಮ್ಮ ಹೊಣೆ.

ಹಾಗೆಂದು ಈ ಹೊತ್ತೇ ಪಂಜರದ ಬಾಗಿಲು ತೆರೆದುಬಿಡಬೇಡಿ. ಹಾರುವುದನ್ನೂ ಮೇವು ಹುಡುಕುವುದನ್ನೂ ಮರೆತ ಹಕ್ಕಿ ಕಾಗೆ, ಬೆಕ್ಕುಗಳ ಪಾಲಾಗುತ್ತದೆ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಒಬ್ಬರೇ ಹೋಗಲು ಅಂಜಿಕೆಯಾದರೆ ಓಣಿಯ ನಾಲ್ಕು ಮನೆಯವರು ಕೂಡಿ ಹೋಗಿ; ಸಂಘದವರನ್ನು ಜೊತೆಗೆ ಕರೆದುಕೊಳ್ಳಿ. ತಾನಾಗಿ ತಂದೊಪ್ಪಿಸುವ ಬಡವರ ಮೇಲೆ ಮೊಕದ್ದಮೆ ಹೂಡದೆ ಹಕ್ಕಿಯನ್ನು ಸ್ವೀಕರಿಸಬೇಕೆಂದು ಇಲಾಖೆಯನ್ನು ನಾವು ಒತ್ತಾಯಿಸುತ್ತೇವೆ.

ಕಾಳು ಹಾಕುವ ಕೈಯಲ್ಲೇ ಬಾಗಿಲ ಚಿಲಕವೂ ಇದ್ದರೆ ಆ ಕಾಳು ಉಪಕಾರವಲ್ಲ. ದುಡಿಯುವ ಜನಕ್ಕೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಮಾಲೀಕರ ಬಾಯಲ್ಲಿ ನಾವು ಒಪ್ಪದ ಮಾತು ನಮ್ಮ ಮನೆಯ ಜಗಲಿಯಲ್ಲೂ ಕೇಳಿಬರಬಾರದು.