ನಿಯಮ ಸಡಿಲವಾಗಲಿ, ಲೆಕ್ಕ ಬಿಗಿಯಾಗಲಿ

ಸೇನೆಯ ಖರೀದಿಯನ್ನು ಸರಳಗೊಳಿಸುವ ನೂತನ ರಕ್ಷಣಾ ಖರೀದಿ ಕೈಪಿಡಿ 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ತಡವಾದ ಪೂರೈಕೆಗೆ ವಿಧಿಸುವ ದಂಡವನ್ನೂ ಅದು ತಗ್ಗಿಸಿದೆ. ಕಡತಗಳು ಕೊಳೆಯಲಿ ಎಂದು ನಾವು ವಾದಿಸುವುದಿಲ್ಲ. ಗಡಿಯಲ್ಲಿರುವ ಯೋಧ ವರ್ಷಗಟ್ಟಲೆ ಕಾಯಲಾರ.

ಆದರೆ ಕೋಲಾರ ಜಿಲ್ಲೆಯವರು ಒಂದು ಪಾಠವನ್ನು ಮರೆಯಲಾಗದು. ಕೆ.ಜಿ.ಎಫ್.ನಲ್ಲಿ ಕಾರ್ಖಾನೆಯುಳ್ಳ ಸಾರ್ವಜನಿಕ ಸಂಸ್ಥೆ ಬೆಮೆಲ್ 1986ರಿಂದ ಸೇನೆಗೆ ಟಾಟ್ರಾ ಟ್ರಕ್ಕುಗಳನ್ನು ಒದಗಿಸುತ್ತಿತ್ತು. ಆ ಟ್ರಕ್ಕುಗಳ ಖರೀದಿಗೆ ಸಮ್ಮತಿಸಲು ತಮಗೆ 14 ಕೋಟಿ ರೂ. ಲಂಚದ ಆಮಿಷ ಒಡ್ಡಲಾಗಿತ್ತೆಂದು ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ 2012ರಲ್ಲಿ ಆರೋಪಿಸಿದರು. ಬಿಗಿ ನಿಯಮಗಳ ಕಾಲದಲ್ಲೇ ಇಂತಹ ಆರೋಪ ಎದ್ದಿರುವಾಗ, ಸಡಿಲ ನಿಯಮಗಳಿಗೆ ಕಾವಲುಗಾರರು ಯಾರು?

ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಮುಳಬಾಗಿಲಿನ ರೈತನೂ ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೂ ತೆತ್ತ ತೆರಿಗೆಯೇ ಈ ಹಣ. ಅದರ ಲೆಕ್ಕ ಸಂಸತ್ತಿನ ಮುಂದೆ ಬರಲೇಬೇಕು. ಲೆಕ್ಕ ಕೇಳುವವರ ಬಾಯಿ ಮುಚ್ಚಿಸುವುದು ದೇಶಪ್ರೇಮವಲ್ಲ.