ಜಪಾನಿನ ಹಿಮ, ತಾಂಡೂರಿನ ತೊಗರಿ

ಒಂದು ತಿಂಗಳಿನಿಂದ ನಮ್ಮ ಮನೆಯವರ ನಡುವೆ ಒಂದೇ ಚರ್ಚೆ. ಜಪಾನಿಗೆ ಹೋಗಿ ಸ್ಕೀ ಕಲಿಯುವುದು ಎಂದು ಖಾತ್ರಿಯಾಗಿದೆ, ಯಾವಾಗ ಎಂಬುದು ಮಾತ್ರ ಆಗಿಲ್ಲ. ದುಬೈಯಲ್ಲಿರುವ ಭಾವ ಡಿಸೆಂಬರ್ 26 ಎನ್ನುತ್ತಾರೆ. ಅವರ ಆಫೀಸಿನವರು ಜನವರಿ ಕೊನೆಯೇ ಬೆಸ್ಟ್ ಎಂದು ಅವರ ತಲೆಗೆ ತುಂಬಿದ್ದಾರೆ. ನಾನು ಡಿಸೆಂಬರ್ ಎರಡನೇ ವಾರ ಎಂದಾಗ, "ಎಂತ ಮಾರಾಯ, ಅರ್ಧ ಬೆಟ್ಟ ನೋಡ್ಲಿಕ್ಕೆ ಅಷ್ಟು ದೂರ ಹೋಗುವುದಾ?" ಎಂದು ನಗಾಡಿದರು. ಫೋನಿನಲ್ಲಿ ಹೇಳಿದರೆ ಅವರು ಅರ್ಧಕ್ಕೇ ತಡೆಯುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಭಾವನ ಮಾತಿನಲ್ಲಿ ಸತ್ಯ ಉಂಟು. ಸೈಬೀರಿಯಾದ ಕಡೆಯಿಂದ ಬೀಸುವ ತಣ್ಣನೆಯ ಗಾಳಿ ಜಪಾನ್ ಸಮುದ್ರದ ನೀರಾವಿ ಹೀರಿಕೊಂಡು ಬಂದು ಬೆಟ್ಟಗಳಿಗೆ ಬಡಿದು ಹಿಮ ಸುರಿಸುತ್ತದೆ. ಜನವರಿ, ಫೆಬ್ರವರಿಯಲ್ಲಿ ಅದು ಜೋರು. ಹೊಕ್ಕೈಡೋದ ನಿಸೆಕೊದಂಥ ಕಡೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ ಲಿಫ್ಟ್ ಶುರುವಾದರೂ ಇಡೀ ಬೆಟ್ಟ ತೆರೆಯುವಾಗ ಡಿಸೆಂಬರ್ ಮುಗಿಯುತ್ತಾ ಬರುತ್ತದೆ. ಅದಕ್ಕಿಂತ ಮೊದಲು ಹೋದರೆ ಹಿಮದ ಪದರ ತೆಳು, ಅಲ್ಲಲ್ಲಿ ಕಲ್ಲು, ಪೊದೆ.

ಆದರೆ ಬೆಸ್ಟ್ ಟೈಮ್ ಅಂದರೆ ಯಾರಿಗೆ ಬೆಸ್ಟ್? ನಮ್ಮಲ್ಲಿ ಒಬ್ಬರೂ ಕಾಲಿಗೆ ಸ್ಕೀ ಕಟ್ಟಿದವರಲ್ಲ. ಮೊಣಕಾಲುದ್ದ ಹಿಮ ಸಿಕ್ಕಿದರೆ ನಮಗೆ ಬೀಳಲಿಕ್ಕೆ ಮಾತ್ರ ಉಪಯೋಗ. ನಮಗೆ ಬೇಕಾದದ್ದು ಒಂದು ಸಣ್ಣ ಇಳಿಜಾರು, ತಾಳ್ಮೆಯ ಕೋಚ್ ಮತ್ತು ಕಡಿಮೆ ಜನ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಜಪಾನಿನವರಿಗೇ ಹೊಸ ವರ್ಷದ ರಜೆ. ಭಾವ ಹೇಳುವ ತಾರೀಕಿಗೆ ಹೋದರೆ ದುಬಾರಿ ರೂಮು ಹಿಡಿದು ಲಿಫ್ಟಿನ ಸಾಲಿನಲ್ಲಿ ನಿಲ್ಲಬೇಕು.

ಈಗ ನಮ್ಮ ಮನೆಯ ಲೆಕ್ಕ. ಉಪ್ಪ ತಾಂಡೂರಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ಸೇಡಂ ಕಡೆಯ ಗಿರಾಕಿಗಳು ಅವರ ಮಂಗಳೂರು ಕನ್ನಡಕ್ಕೆ ಈಗಲೂ ನಗುತ್ತಾರೆ. ಚಿಕ್ಕಪ್ಪನ ಅಂಗಡಿ ನಾರಾಯಣಖೇಡದಲ್ಲಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕದಲ್ಲಿದ್ದೇನೆ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಗುರುತು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಕೊಯ್ಲಾಗಿ ಮಾಲು ಮಾರ್ಕೆಟ್ ಯಾರ್ಡಿಗೆ ಬರುವುದು ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ. ರೈತನ ಕೈಗೆ ದುಡ್ಡು ಬಂದ ವಾರವೇ ಉಪ್ಪನ ಅಂಗಡಿಯಲ್ಲಿ ಬಳೆ, ಬೆಡ್‌ಶೀಟು, ಸೂಟ್‌ಕೇಸು ಖಾಲಿಯಾಗುವುದು. ವರ್ಷದ ಬಾಡಿಗೆ ಏಳುವುದೇ ಅದರಲ್ಲಿ. ಆ ಹೊತ್ತಿಗೆ ಶಟರ್ ಎಳೆದು ಹಿಮ ನೋಡಲು ಬನ್ನಿ ಎಂದರೆ ಉಪ್ಪ ಬರುವುದಿಲ್ಲ. ಬಾರದಿದ್ದರೆ ಅವರನ್ನು ದೂರುವಂತೆಯೂ ಇಲ್ಲ.

ಭಾವ ಮತ್ತು ಅವರ ಆಫೀಸಿನವರು ಮರೆತ ಇನ್ನೊಂದು ಸಂಗತಿ ರಂಜಾನ್. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ ಎರಡನೇ ವಾರಕ್ಕೆ ಶುರು, 2028ರಲ್ಲಿ ಜನವರಿ ಕೊನೆಗೆ, 2029ರಲ್ಲಿ ಜನವರಿ ನಡುವಿಗೆ. 2030ರಲ್ಲಂತೂ ಜನವರಿ ಮೊದಲಿಗೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಚಂದ್ರ ಕಾಣುವುದರ ಮೇಲೆ ಒಂದು ದಿನ ಆಚೀಚೆ. ಎಂದರೆ ಜಪಾನಿನಲ್ಲಿ ಹಿಮ ಜೋರಾಗಿರುವ ಹೊತ್ತಿನಲ್ಲೇ ಮುಂದಿನ ಕೆಲವು ವರ್ಷ ನಮಗೆ ಉಪವಾಸ. ಪ್ರಯಾಣಿಕನಿಗೆ ವಿನಾಯಿತಿ ಉಂಟು, ಒಪ್ಪಿದೆ. ಆದರೆ ಆ ತಿಂಗಳು ಮನೆ ಬಿಟ್ಟು ಮೋಜಿಗೆ ಹೋಗಲು ಉಮ್ಮ ಒಪ್ಪುವುದಿಲ್ಲ, ನನಗೂ ಮನಸ್ಸಿಲ್ಲ. ಮುಂದಿನ ವರ್ಷ ನೋಡುವ ಎನ್ನುವವರು ಒಮ್ಮೆ ಕ್ಯಾಲೆಂಡರ್ ತೆರೆಯಲಿ.

ಹಾಗಾದರೆ ಡಿಸೆಂಬರ್ ಎರಡನೇ ವಾರದಲ್ಲಿ ಎಲ್ಲಿಗೆ? ನನ್ನ ಉತ್ತರ ಕರುಯಿಝಾವಾ. ಟೋಕಿಯೋದಿಂದ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು 70 ನಿಮಿಷ. ಸ್ಕೀ ಮೈದಾನ ಸ್ಟೇಷನ್ನಿನ ಪಕ್ಕದಲ್ಲೇ ಇದೆ, ಹತ್ತಿರವೇ ದೊಡ್ಡ ಶಾಪಿಂಗ್ ಜಾಗವೂ ಉಂಟು (ಅಕ್ಕನಿಗೆ ಇಷ್ಟು ಹೇಳಿದರೆ ಸಾಕು). ಅಲ್ಲಿ ನವೆಂಬರ್ ಮೊದಲಿಗೇ ಯಂತ್ರದ ಹಿಮ ಹಾಸಿ ಸೀಸನ್ ಶುರು ಮಾಡುತ್ತಾರೆ. "ನಕಲಿ ಹಿಮವಾ?" ಎಂದು ಭಾವ ಕೇಳಿಯಾಯಿತು. ನಕಲಿ ಏನೂ ಅಲ್ಲ. ನೀರನ್ನು ಒತ್ತಡದ ಗಾಳಿಯ ಜೊತೆ ಸಣ್ಣ ಹನಿಗಳಾಗಿ ಚಿಮ್ಮಿಸುತ್ತಾರೆ, ನೆಲ ಮುಟ್ಟುವ ಮೊದಲು ಅದು ಹೆಪ್ಪುಗಟ್ಟುತ್ತದೆ. ನಮ್ಮ ಘಟಕದ ಕೂಲಿಂಗ್ ಟವರಿನಲ್ಲಿ ನಾನು ದಿನಾ ನೋಡುವ ವೆಟ್ ಬಲ್ಬ್ ಉಷ್ಣಾಂಶವೇ ಅಲ್ಲಿಯೂ ಲೆಕ್ಕ. ಅದು ಮೈನಸ್ 2 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಗಾಳಿ ಒಣಗಿದ್ದರೆ ಥರ್ಮಾಮೀಟರ್ ಸೊನ್ನೆ ತೋರಿಸುವಾಗಲೂ ಹಿಮ ಮಾಡಬಹುದು. ಮೋಡ ಕವಿದು ತೇವ ಹೆಚ್ಚಾದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಸುಮಾರು ಸಾವಿರ ಮೀಟರ್ ಎತ್ತರದ ಆ ಊರಿನಲ್ಲಿ ಡಿಸೆಂಬರ್ ರಾತ್ರಿಗಳು ಇದಕ್ಕೆ ಬೇಕಾದಷ್ಟು ತಣ್ಣಗಿರುತ್ತವೆ. ಕಲಿಯುವವರಿಗೆ ಆ ಗಟ್ಟಿ ಹಾಸು ಸಾಕು.

ಕೊರತೆ ಇಲ್ಲವೆಂದಲ್ಲ. ತೆರೆದಿರುವ ಇಳಿಜಾರು ಕಡಿಮೆ. ಸುತ್ತಲಿನ ಬೆಟ್ಟ ಕಂದಾಗಿಯೇ ಇರಬಹುದು, ಫೋಟೋದಲ್ಲಿ ಎಲ್ಲವೂ ಬಿಳಿ ಕಾಣಬೇಕು ಎನ್ನುವವರಿಗೆ ಬೇಸರವಾದೀತು. ಸಂಜೆ ನಾಲ್ಕೂವರೆಗೇ ಮಗ್‌ರಿಬ್, ಹಗಲು ಬಹಳ ಗಿಡ್ಡ. ನನ್ನ ಮಗಳಿಗೆ ಶಾಲೆಯಲ್ಲಿ ರಜೆ ಚೀಟಿ ಕೊಡಬೇಕು, ಅವಳ ಟೀಚರ್ ಏನೆನ್ನುತ್ತಾರೋ.

ಇನ್ನು, ಒಳ್ಳೆಯ ಸೀಸನ್‌ಗೆ ಹೋದರೆ ಹಿಮ ಗ್ಯಾರಂಟಿ ಎನ್ನುವ ಮಾತು. ನನ್ನ ಜೊತೆ ಕೆಲಸ ಮಾಡುವ ಒಬ್ಬ 2024ರ ಜನವರಿಯಲ್ಲಿ ಗುಲ್ಮಾರ್ಗಿಗೆ ಹೋಗಿದ್ದ. ಕಾಶ್ಮೀರದವರು ಚಿಲ್ಲಾಯ್ ಕಲಾನ್ ಎನ್ನುವ, ಡಿಸೆಂಬರ್ 21ರಿಂದ ನಲವತ್ತು ದಿನದ ಕಡು ಚಳಿಯ ನಡುವೆ. ಅವನಿಗೆ ಸಿಕ್ಕಿದ್ದು ಒಣ ಹುಲ್ಲು. ಮರುವರ್ಷ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನು ಹಿಮ ಸಾಲದೆ ಮಾರ್ಚಿಗೆ ಹಾಕಿದರು. ಸಪ್ಪೊರೊದಂಥ ಸಪ್ಪೊರೊದಲ್ಲೇ 2020ರ ಹಿಮ ಉತ್ಸವಕ್ಕೆ ದೂರದಿಂದ ಲಾರಿಯಲ್ಲಿ ಹಿಮ ತರಬೇಕಾಯಿತು.

ನಮ್ಮವರ ಪ್ರವಾಸಗಳೆಲ್ಲ ಗಲ್ಫಿನ ರಜೆ ನೋಡಿಯೇ ನಿಗದಿಯಾಗುತ್ತವೆ. ಅಂಗಡಿಯಲ್ಲಿ ಕೂತವರನ್ನು ಕೇಳುವುದು ಕೊನೆಗೆ, ಅದೂ ಟಿಕೆಟ್ ಆದ ಮೇಲೆ. ನಾನು ಉಲ್ಟಾ ಮಾಡುವ ಎನ್ನುತ್ತೇನೆ. ಮೊದಲು ತೊಗರಿ, ರಂಜಾನ್, ಅಂಗಡಿ ನೋಡುವ. ಉಳಿದ ದಿನಕ್ಕೆ ಹೊಂದುವ ಬೆಟ್ಟ ಆಮೇಲೆ ಹುಡುಕುವ. ಭಾವನ ಮಕ್ಕಳಿಗೆ ಹೇಗೂ ಡಿಸೆಂಬರ್‌ನಲ್ಲಿ ಚಳಿಗಾಲದ ರಜೆ ಉಂಟು. ಭಾವನ ಆಫೀಸಿನ ನಾಲ್ಕು ದಿನ ಮಾತ್ರ ಹೊಂದಿಸಿಕೊಳ್ಳಬೇಕು.

ಮೊನ್ನೆ ಭಾನುವಾರ ಉಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬಿಲ್ ಪುಸ್ತಕದಿಂದ ತಲೆ ಎತ್ತದೆ, "ಹದಿನೆಂಟನೇ ತಾರೀಕಿನ ಒಳಗೆ ವಾಪಸ್ ಬರ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗ್ತದೆ ಎಂದೆ. ಉಮ್ರಾಕ್ಕೆ ಹೋಗುವಾಗ ಮಾಡಿಸಿದ ಅವರ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದೆ. ಮುಂದಿನ ವಾರ ಅದನ್ನು ರಿನ್ಯೂ ಮಾಡಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ಭಾವ, ಅಷ್ಟರೊಳಗೆ ನಿಮ್ಮ ಉತ್ತರ ಬರಲಿ.