ಎಂಟನೇ ಸರ್ವರ್ ಮತ್ತು ‘ಬೋರಿಂಗ್’ ಕಂಪ್ಲಯನ್ಸ್

ಕಂಪ್ಲಯನ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಮುಖ ಸಪ್ಪಗಾಗುತ್ತೆ. ಫಿನ್‌ಟೆಕ್ ಕಂಪನಿಯಲ್ಲಿ ಆಫರ್ ಸಿಕ್ಕರೆ ಎಲ್ಲರಿಗೂ ಟ್ರೇಡಿಂಗ್ ಎಂಜಿನ್ ಬರೆಯೋ ಟೀಮೇ ಬೇಕು. ಯಾರನ್ನಾದರೂ ಕಂಪ್ಲಯನ್ಸ್ ಕಡೆ ಹಾಕಿದ್ರು ಅಂದ್ರೆ ‘ಅಯ್ಯೋ ಪಾಪ’ ಅಂತೀವಿ. ಅದು ವಕೀಲರು, ಸಿ.ಎ.ಗಳು ಕೂತು ಫಾರ್ಮ್ ತುಂಬೋ ಜಾಗ ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕ ಎಷ್ಟು ತಪ್ಪು ಅಂತ ಹೇಳೋಕೆ ಅಮೆರಿಕದ ಒಂದು ಪ್ರಕರಣ ಸಾಕು.

ನೈಟ್ ಕ್ಯಾಪಿಟಲ್ ಅಂತ ಒಂದು ಬ್ರೋಕರ್ ಸಂಸ್ಥೆ ಇತ್ತು. ಆಗ ಅಮೆರಿಕದ ಷೇರು ವಹಿವಾಟಿನಲ್ಲಿ ಸುಮಾರು ಶೇ. 10ರಷ್ಟು ಇವರ ಮೂಲಕವೇ ಆಗುತ್ತಿತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಹೊಸ ಯೋಜನೆಯೊಂದನ್ನು ಶುರು ಮಾಡುವುದಿತ್ತು. ಅದಕ್ಕಾಗಿ ನೈಟ್‌ನವರು ತಮ್ಮ ಆರ್ಡರ್ ರೂಟರ್‌ಗೆ ಹೊಸ ಕೋಡ್ ಬರೆದರು. ದೊಡ್ಡ ಆರ್ಡರನ್ನು ಚೂರು ಚೂರು ಮಾಡಿ ಎಕ್ಸ್‌ಚೇಂಜ್‌ಗೆ ಕಳಿಸೋದು ಈ ರೂಟರ್ ಕೆಲಸ. ಹೊಸ ಕೋಡ್‌ಗೆ ಒಂದು ಫ್ಲ್ಯಾಗ್ ಬೇಕಿತ್ತು. ಹೊಸದು ಯಾಕೆ ಅಂತ ಹಳೇದನ್ನೇ ಬಳಸಿಕೊಂಡರು. ಆ ಫ್ಲ್ಯಾಗ್ ಮೊದಲು ‘ಪವರ್ ಪೆಗ್’ ಅನ್ನೋ ಕೋಡ್‌ನದು. ಪವರ್ ಪೆಗ್ ಬಳಕೆ ನಿಂತು ಒಂಬತ್ತು ವರ್ಷ ಆಗಿತ್ತು, ಆದರೆ ಕೋಡ್ ಮಾತ್ರ ಹಾಗೇ ಸರ್ವರ್‌ನಲ್ಲಿ ಬಿದ್ದಿತ್ತು. ಜೊತೆಗೆ, ಎಷ್ಟು ಷೇರು ಆಯ್ತು, ಸಾಕು ನಿಲ್ಲಿಸು ಅಂತ ಲೆಕ್ಕ ಇಡೋ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದ್ದರು. ಆಮೇಲೆ ಪವರ್ ಪೆಗ್ ಸರಿಯಾಗಿ ಓಡುತ್ತಾ ಅಂತ ಯಾರೂ ಟೆಸ್ಟ್ ಮಾಡಲಿಲ್ಲ. ಬಳಸೋದೇ ಇಲ್ಲ, ಯಾಕೆ ಟೆಸ್ಟ್ ಅಲ್ವಾ?

ಒಟ್ಟು ಎಂಟು ಸರ್ವರ್. ಏಳಕ್ಕೆ ಹೊಸ ಕೋಡ್ ಹೋಯ್ತು, ಎಂಟನೆಯದಕ್ಕೆ ಹಾಕೋದು ಮರೆತುಹೋಯ್ತು. ಇನ್ನೊಬ್ಬರು ಪರಿಶೀಲಿಸಬೇಕು ಅನ್ನೋ ಲಿಖಿತ ನಿಯಮ ಇರಲಿಲ್ಲ.

ಬೆಳಿಗ್ಗೆ 9.30ಕ್ಕೆ ಮಾರುಕಟ್ಟೆ ತೆರೆಯಿತು. ಎಂಟನೇ ಸರ್ವರ್‌ನಲ್ಲಿ ಫ್ಲ್ಯಾಗ್ ಪವರ್ ಪೆಗ್‌ನ ಎಬ್ಬಿಸಿತು. ‘ಸಾಕು’ ಅನ್ನೋರು ಯಾರೂ ಇಲ್ಲದ್ದರಿಂದ ಅದು ಆರ್ಡರ್ ಕಳಿಸುತ್ತಲೇ ಹೋಯ್ತು. ಸುಮಾರು 45 ನಿಮಿಷ. ಗ್ರಾಹಕರ 212 ಸಣ್ಣ ಆರ್ಡರ್‌ಗಳಿಗೆ 154 ಕಂಪನಿಗಳ 39.7 ಕೋಟಿ ಷೇರುಗಳ ವಹಿವಾಟು! ಗಾಬರಿಯಲ್ಲಿ ಎಂಜಿನಿಯರ್‌ಗಳು ಹೊಸ ಕೋಡೇ ತಪ್ಪಿರಬೇಕು ಅಂದುಕೊಂಡು ಸರಿಯಿದ್ದ ಏಳು ಸರ್ವರ್‌ಗಳಿಂದ ಅದನ್ನು ತೆಗೆದರು. ಅಲ್ಲೂ ಪವರ್ ಪೆಗ್ ಎದ್ದಿತು. ಕೊನೆಗೆ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಮರುವರ್ಷ ಸಂಸ್ಥೆ ಗೆಟ್ಕೋ ಜೊತೆ ವಿಲೀನವಾಯ್ತು.

ಇಲ್ಲಿವರೆಗಿನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಡೆವ್‌ಆಪ್ಸ್ ಪಾಠಗಳಲ್ಲಿ ಇದು ಬರುತ್ತೆ. ಅಲ್ಲಿ ಹೇಳದೇ ಬಿಡೋದು ಆಮೇಲಿನ ಭಾಗ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ 2013ರ ಅಕ್ಟೋಬರ್‌ನಲ್ಲಿ ನೈಟ್ ಮೇಲೆ ಆದೇಶ ಹೊರಡಿಸಿ 1.2 ಕೋಟಿ ಡಾಲರ್ ದಂಡ ಹಾಕಿತು. ಬಗ್ ಬಂದಿದ್ದಕ್ಕೆ ದಂಡ ಅಲ್ಲ. ಬಗ್ ಬಂದಾಗ ತಡೆಯೋ ವ್ಯವಸ್ಥೆ ಇರಲಿಲ್ಲ ಅನ್ನೋದಕ್ಕೆ ದಂಡ. 2010ರಲ್ಲಿ ಬಂದ ‘ಮಾರ್ಕೆಟ್ ಆಕ್ಸೆಸ್ ರೂಲ್’ ಪ್ರಕಾರ, ಮಿತಿ ಮೀರಿದ ಆರ್ಡರ್ ಎಕ್ಸ್‌ಚೇಂಜ್ ಮುಟ್ಟೋ ಮೊದಲೇ ಬ್ರೋಕರ್‌ನ ಸಿಸ್ಟಮ್ ಅದನ್ನು ತಡೆಯಬೇಕು. ಆ ನಿಯಮದಡಿ ಎಸ್‌ಇಸಿ ತೆಗೆದುಕೊಂಡ ಮೊದಲ ಕ್ರಮ ಇದು.

ಆದೇಶದಲ್ಲಿರೋ ವಿವರಗಳು ನೋಡಿ. ತಪ್ಪು ಷೇರುಗಳು ಬಂದು ಬೀಳುತ್ತಿದ್ದ ಖಾತೆಗೆ 20 ಲಕ್ಷ ಡಾಲರ್ ಮಿತಿ ಇತ್ತು. ಆದರೆ ಆ ಮಿತಿಗೂ ಆರ್ಡರ್ ತಡೆಯೋ ಕೋಡ್‌ಗೂ ಸಂಬಂಧವೇ ಇರಲಿಲ್ಲ. ಮಾರುಕಟ್ಟೆ ತೆರೆಯೋ ಮೊದಲೇ ಸಿಸ್ಟಮ್ 97 ಈಮೇಲ್ ಕಳಿಸಿತ್ತು, ‘ಪವರ್ ಪೆಗ್’ ಅಂತ ಹೆಸರು ಹಾಕಿ. ಅವು ಅಲರ್ಟ್ ಆಗಿ ಮಾಡಿದ ಮೇಲ್‌ಗಳಲ್ಲ, ಹಾಗಾಗಿ ಯಾರೂ ಓದಲಿಲ್ಲ. 2011ರಲ್ಲೇ ಟೆಸ್ಟ್ ಡೇಟಾ ನಿಜವಾದ ವಹಿವಾಟಿಗೆ ನುಗ್ಗಿ ಸುಮಾರು 75 ಲಕ್ಷ ಡಾಲರ್ ಹೋಗಿತ್ತು. ಆಗ ಅದೊಂದನ್ನಷ್ಟೇ ಸರಿ ಮಾಡಿ ಕೈತೊಳೆದುಕೊಂಡಿದ್ದರು. ನಿಯಮ ಪಾಲಿಸ್ತಾ ಇದ್ದೀವಿ ಅಂತ ಸಿಇಒ ವರ್ಷಕ್ಕೊಮ್ಮೆ ಕೊಡಬೇಕಾದ ಪ್ರಮಾಣಪತ್ರವೂ ನಿಯಮ ಕೇಳಿದಂತೆ ಇರಲಿಲ್ಲ.

ಈಗ ಹೇಳಿ, ಇದರಲ್ಲಿ ವಕೀಲರು ಮಾಡಬೇಕಾದ ಕೆಲಸ ಎಷ್ಟಿದೆ? ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ಕೋಡ್ ರಿವ್ಯೂ, ಡಿಪ್ಲಾಯ್‌ಮೆಂಟ್ ಚೆಕ್‌ಲಿಸ್ಟ್, ಅಲರ್ಟಿಂಗ್. ನಮ್ಮ ಸಿಲಬಸ್‌ನಲ್ಲೇ ಇರೋದು. ನಿಯಮ ಬರೆದವರು ವಕೀಲರಿರಬಹುದು, ಪಾಲಿಸೋದು ಮಾತ್ರ ನಮ್ಮ ಕೋಡೇ.

ನನಗೆ ಈ ಆದೇಶದಲ್ಲಿ ಹಿಡಿಸಿದ್ದು ಇನ್ನೊಂದಿದೆ. ಎಂಟನೇ ಸರ್ವರ್ ಮರೆತವರನ್ನು ಹಿಡಿದು ಶಿಕ್ಷಿಸೋಕೆ ಎಸ್‌ಇಸಿ ಹೋಗಲಿಲ್ಲ. ಹೊಣೆ ಸಂಸ್ಥೆಯದು ಅಂತು. ಒಬ್ಬರ ಮರೆವಿಗೆ ಇಡೀ ಕಂಪನಿ ಉರುಳಿದರೆ ತಪ್ಪು ಆ ಒಬ್ಬರದ್ದಲ್ಲ ಅನ್ನೋದು, ಕೆಲಸಕ್ಕೆ ಸೇರೋ ಹೊಸಬರಾದ ನಮಗೆ ದೊಡ್ಡ ರಕ್ಷಣೆ.

46 ಕೋಟಿ ಕಳೆದುಕೊಂಡವರಿಗೆ ಮಾರುಕಟ್ಟೆಯೇ ಶಿಕ್ಷೆ ಕೊಟ್ಟಿದೆ, ಮೇಲೆ 1.2 ಕೋಟಿ ದಂಡ ಯಾವ ಲೆಕ್ಕ ಅಂತ ಕೇಳೋರಿದ್ದಾರೆ. ಮೊತ್ತ ಸಣ್ಣದು ಅನ್ನೋದು ನಿಜ. ಆದರೆ ಆ ದಿನ 75 ಕಂಪನಿಗಳ ಷೇರು ಬೆಲೆ ಶೇ. 5ಕ್ಕಿಂತ ಹೆಚ್ಚು ಅಲುಗಾಡೋದಕ್ಕೆ ನೈಟ್‌ನ ಆರ್ಡರ್‌ಗಳೂ ಕಾರಣ. ಆ ಹೊತ್ತಲ್ಲಿ ಅವನ್ನು ಕೊಂಡ, ಮಾರಿದ ಜನರಿಗೂ ನೈಟ್‌ಗೂ ಏನು ಸಂಬಂಧ? ಅವರಿಗಾಗಿ ನಿಯಮ ಇರೋದು.

ನಮ್ಮ ಹಾಸ್ಟೆಲ್ ರೂಮ್‌ಗಳಲ್ಲೂ ಪೈಥಾನ್ ಬರೆದು ಬ್ರೋಕರ್ ಎಪಿಐಗೆ ಜೋಡಿಸೋರು ಇದ್ದೀರಿ ಅಂತ ಗೊತ್ತು. ಸೆಬಿ 2025ರ ಫೆಬ್ರವರಿಯಲ್ಲಿ ಸಣ್ಣ ಹೂಡಿಕೆದಾರರ ಆಲ್ಗೋ ವಹಿವಾಟಿಗೂ ಸುತ್ತೋಲೆ ತಂದಿದೆ: ಆಲ್ಗೋ ಆರ್ಡರ್‌ಗೆ ಎಕ್ಸ್‌ಚೇಂಜ್ ಕೊಟ್ಟ ಗುರುತಿನ ಸಂಖ್ಯೆ ಇರಬೇಕು. ‘ಕಿರಿಕಿರಿ’ ಅಂತ ಬೈಯೋ ಮುಂಚೆ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ‘ಸಾಕು’ ಅನ್ನೋ ಸಾಲು ಎಲ್ಲಿದೆ ಅಂತ ಒಮ್ಮೆ ಹುಡುಕಿ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡೋ ನಮ್ಮ ಮೇಷ್ಟ್ರು, ಮೇಡಂಗಳಲ್ಲಿ ಒಂದು ವಿನಂತಿ. ವಾಟರ್‌ಫಾಲ್ ಮಾಡೆಲ್‌ನ ಚಿತ್ರ ಬಿಡಿಸೋ ಒಂದು ಕ್ಲಾಸ್ ಕಡಿಮೆ ಮಾಡಿ, ಎಸ್‌ಇಸಿಯ ಈ ಆದೇಶ ಓದಿಸಿ. ಅವರ ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತೆ.